ಗಾಡಿ ನಿಂತ ದಿನಗಳ ಲೆಕ್ಕ

ತಮ್ಮ: ಅಣ್ಣಾ, ಚಳ್ಳಕೆರೆ, ಮೊಳಕಾಲ್ಮುರು ಕಡೆ ಹೊಸ ಪಿಕಪ್ ತಗೊಂಡವರು ವಾರಂಟಿ ಮಾತು ಬಂದರೆ ಸಾಕು, ಸಿಟ್ಟಾಗುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಹಿಂದಿನ ಟೆಂಪೊ, ಮೆಟಡೋರ್ ಕಾಲದಲ್ಲಿ ಗಾಡಿ ಕೆಟ್ಟರೆ ಖರ್ಚೆಲ್ಲ ಯಜಮಾನನ ತಲೆ ಮೇಲೆ. ಈಗ ಹಲವು ಮಾದರಿಗಳಿಗೆ ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್ ವಾರಂಟಿ ಇದೆ, ಕೆಟ್ಟ ಭಾಗವನ್ನು ಕಂಪನಿಯೇ ಬದಲಿಸಿಕೊಡುತ್ತದೆ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಸಣ್ಣ ಊರಿನ ಹುಡುಗನೂ ನಾಲ್ಕು ಚಕ್ರದ ಗೂಡ್ಸ್ ಗಾಡಿಗೆ ಯಜಮಾನನಾದ. ಆಮೇಲೆ ದೋಸ್ತ್ ಬಂತು, ಇಂಟ್ರಾ ಬಂತು, ಬೊಲೆರೊ ಪಿಕಪ್ ಅಂತೂ ಎಲ್ಲ ಕಡೆ ಇದೆ. ಎಂಜಿನ್ನುಗಳೂ ಮೊದಲಿಗಿಂತ ಗಟ್ಟಿ. ಇಷ್ಟು ಸಿಕ್ಕಿದ ಮೇಲೂ ಈ ದೂರು ಯಾಕೆ?

ಅಣ್ಣ: ನೀನು ಹೇಳಿದ್ದರಲ್ಲಿ ಸುಳ್ಳಿಲ್ಲ ತಮ್ಮಾ. ಆದರೆ ಅವರ ದೂರು ಬಿಡಿಭಾಗದ ಬೆಲೆಯ ಬಗ್ಗೆ ಇದೆ ಎಂದು ನೀನು ತಿಳಿದಿದ್ದೀಯ. ಅವರು ಕೇಳುತ್ತಿರುವುದು ನಿಂತುಹೋದ ದಿನಗಳ ಲೆಕ್ಕ. ವಾರಂಟಿ ಪುಸ್ತಕ ತೆರೆದು ನೋಡು. ತಯಾರಿಕೆಯ ದೋಷದಿಂದ ಕೆಟ್ಟ ಭಾಗವನ್ನು ರಿಪೇರಿ ಮಾಡುತ್ತೇವೆ ಅಥವಾ ಬದಲಿಸುತ್ತೇವೆ ಎಂಬುದಷ್ಟೇ ಕಂಪನಿ ಕೊಡುವ ಮಾತು. ಗಾಡಿ ನಿಂತದ್ದರಿಂದ ತಪ್ಪಿದ ಬಾಡಿಗೆಗೆ, ಹಾಳಾದ ಲೋಡಿಗೆ ತಾನು ಹೊಣೆಯಲ್ಲ ಎಂದು ಅದೇ ಪುಸ್ತಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಹತ್ತಾರು ಗಾಡಿ ಇಟ್ಟವನಿಗೆ ಇದರಿಂದ ದೊಡ್ಡ ನಷ್ಟವಿಲ್ಲ, ಒಂದು ನಿಂತರೆ ಇನ್ನೊಂದು ಓಡುತ್ತದೆ. ನಮ್ಮ ಎರಡು ತಾಲ್ಲೂಕಿನಲ್ಲಿ ಪಿಕಪ್ ಕೊಳ್ಳುವವರು ಹೆಚ್ಚಾಗಿ ಒಂದೇ ಗಾಡಿಯವರು. ಅವರೇ ಯಜಮಾನರು, ಅವರೇ ಡ್ರೈವರ್. ಮಳೆ ಕಡಿಮೆ ಇರುವ ಸೀಮೆ ಇದು, ಹೊಲದ ಆದಾಯ ನಂಬಿ ಕೂರುವಂತಿಲ್ಲ ಎಂದೇ ಸಾಲ ಮಾಡಿ ಗಾಡಿ ತಂದಿರುತ್ತಾರೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಈರುಳ್ಳಿ ಕೀಳುತ್ತಾರೆ, ಅದರ ಹಿಂದೆಯೇ ಶೇಂಗಾ ಚಳ್ಳಕೆರೆಯ ಮಾರುಕಟ್ಟೆಗೂ ಎಣ್ಣೆ ಮಿಲ್ಲುಗಳಿಗೂ ಬರುತ್ತದೆ. ವರ್ಷದ ದುಡಿಮೆಯ ದೊಡ್ಡ ಪಾಲು ಆ ಕೆಲವೇ ವಾರಗಳಲ್ಲಿ ಆಗಬೇಕು. ಅಂಥ ಹೊತ್ತಿನಲ್ಲಿ ಒಂದು ಇಂಜೆಕ್ಟರ್ ಬರಲೆಂದು ಹದಿನೈದು ದಿನ ಗಾಡಿ ವರ್ಕ್‌ಶಾಪಿನಲ್ಲಿ ನಿಂತರೆ, ಇಂಜೆಕ್ಟರ್ ಪುಕ್ಕಟೆ ಸಿಕ್ಕಿತು ಎಂದು ಸಮಾಧಾನಪಡುವುದು ಹೇಗೆ? ಕಂತು ಮಾತ್ರ ಅದೇ ತಾರೀಖಿಗೆ ಖಾತೆಯಿಂದ ಕಡಿತವಾಗುತ್ತದೆ. ಇನ್ಶೂರೆನ್ಸ್ ಅಪಘಾತಕ್ಕೆ ಇರುವುದು, ಯಂತ್ರ ತಾನಾಗಿ ಕೆಟ್ಟರೆ ಅದು ಬರುವುದಿಲ್ಲ. ಹೀಗೆ ನಿಂತ ದಿನಗಳ ನಷ್ಟಕ್ಕೆ ಕಂಪನಿಯೂ ಇಲ್ಲ, ವಿಮೆಯೂ ಇಲ್ಲ, ಸಾಲ ಕೊಟ್ಟವರೂ ಇಲ್ಲ.

ಮೂರು ವರ್ಷ ಎಂದೆಯಲ್ಲ, ಅದನ್ನೂ ಸ್ವಲ್ಪ ಅಳೆದು ನೋಡು. ‘ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು’ ಎಂದು ಅಲ್ಲಿ ಬರೆದಿದೆ. ಚಳ್ಳಕೆರೆಯಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್, ಹೋಗಿ ಬಂದರೆ 400. ವಾರಕ್ಕೆ ನಾಲ್ಕು ಸಲ ಅಲ್ಲಿನ ಯಶವಂತಪುರ ಮಾರುಕಟ್ಟೆಗೆ ಲೋಡು ಹೊಡೆದರೆ ಒಂದು ಲಕ್ಷ ಮುಟ್ಟಲು 250 ಟ್ರಿಪ್ಪು ಸಾಕು. ಅಂದರೆ ಹದಿನಾಲ್ಕು ಹದಿನೈದು ತಿಂಗಳಿಗೆ ವಾರಂಟಿ ಮುಗಿಯುತ್ತದೆ. ಕಂತು ಇನ್ನೂ ಎರಡು ಮೂರು ವರ್ಷ ಉಳಿದಿರುತ್ತದೆ. ಹೆಚ್ಚು ದುಡಿಯುವವನಿಗೇ ರಕ್ಷಣೆ ಬೇಗ ಮುಗಿಯುವ ಏರ್ಪಾಡು ಇದು. ಕಿಲೋಮೀಟರಿನ ಮಿತಿ ಇಡುವುದೇ ತಪ್ಪು ಎನ್ನುತ್ತಿಲ್ಲ, ಓಡಿದಷ್ಟು ಯಂತ್ರ ಸವೆಯುತ್ತದೆ, ಅದು ನ್ಯಾಯ. ಆದರೆ ವರ್ಕ್‌ಶಾಪಿನಲ್ಲಿ ನಿಂತ ದಿನಗಳೂ ಆ ಮೂರು ವರ್ಷದಲ್ಲೇ ಕಳೆದುಹೋಗುವುದು ಯಾವ ನ್ಯಾಯ? ಗಾಡಿ ಕಂಪನಿಯ ಕೈಯಲ್ಲಿದ್ದ ದಿನಗಳನ್ನು ಕೊಂಡವನ ವಾರಂಟಿಯಿಂದ ಕಳೆಯಬಾರದು.

ತಮ್ಮ: ಹದಿನೈದು ದಿನ ಎಂದಿರಿ. ಎಲ್ಲ ರಿಪೇರಿಗೂ ಅಷ್ಟು ದಿನ ಬೇಕೇ? ನಮ್ಮ ಚಳ್ಳಕೆರೆಯ ಮೆಕ್ಯಾನಿಕ್‌ಗಳು ರಾತ್ರಿ ಗಾಡಿ ಬಿಟ್ಟರೆ ಬೆಳಿಗ್ಗೆ ರೆಡಿ ಮಾಡಿ ಕೊಡುತ್ತಿದ್ದರು.

ಅಣ್ಣ: ಕೊಡುತ್ತಿದ್ದರು, ಹಳೆಯ ಎಂಜಿನ್ನಿಗೆ. ಆಗ ಪಾನಾ ಸೆಟ್ಟು, ಅನುಭವ, ಶಬ್ದ ಕೇಳಿ ಹೇಳುವ ಕಿವಿ ಇದ್ದರೆ ಸಾಕಿತ್ತು. 2020ರ ಏಪ್ರಿಲ್ 1ರಿಂದ ಹೊಗೆ ನಿಯಂತ್ರಣದ ಹೊಸ ಮಾನದಂಡವಾದ ಬಿಎಸ್-6ರ ಗಾಡಿ ಬಿಟ್ಟು ಬೇರೆಯದನ್ನು ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಅಕ್ಟೋಬರಿನಲ್ಲೇ ಹೇಳಿತ್ತು. 2023ರ ಏಪ್ರಿಲ್‌ನಿಂದ ಅದರ ಎರಡನೇ ಹಂತವೂ ಬಂತು, ರಸ್ತೆಯ ಮೇಲೆ ಓಡುವಾಗಿನ ಹೊಗೆಯೂ ಲೆಕ್ಕಕ್ಕೆ ಸೇರಿತು. ಇದು ಬೇಕಾಗಿದ್ದ ಕ್ರಮ, ನಮ್ಮ ಮಕ್ಕಳ ಶ್ವಾಸಕೋಶಕ್ಕಾಗಿ ಬಂದದ್ದು. ಆದರೆ ಅದರಿಂದ ಡೀಸೆಲ್ ಗಾಡಿಯ ಒಳಗೆ ಏನೇನು ಸೇರಿತು ನೋಡು. ಹೊಗೆಯ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಕೂತಿತು, ಅದನ್ನು ಕಾಯುವ ಸೆನ್ಸರ್‌ಗಳು ಬಂದವು, ಕೆಲವು ಗಾಡಿಗಳಿಗೆ ಯೂರಿಯಾ ದ್ರಾವಣದ ಟ್ಯಾಂಕೂ ಬಂತು. ಎಲ್ಲಕ್ಕೂ ಒಂದು ಕಂಪ್ಯೂಟರ್ ಯಜಮಾನ. ಅದರೊಂದಿಗೆ ಮಾತಾಡಲು ಕಂಪನಿಯ ಸ್ಕ್ಯಾನರ್ ಬೇಕು. ಆ ಸ್ಕ್ಯಾನರ್, ಅದನ್ನು ಬಲ್ಲ ಕೆಲಸಗಾರ, ದುಬಾರಿ ಭಾಗದ ಸ್ಟಾಕು ಎಲ್ಲವೂ ಸಾಮಾನ್ಯವಾಗಿ ಜಿಲ್ಲಾ ಕೇಂದ್ರದ ದೊಡ್ಡ ವರ್ಕ್‌ಶಾಪಿನಲ್ಲಿರುತ್ತವೆ. ಚಳ್ಳಕೆರೆಯವರಿಗೆ ಚಿತ್ರದುರ್ಗ ಮೂವತ್ತು ಕಿಲೋಮೀಟರಿನ ಆಸುಪಾಸು, ಹೇಗೋ ನಡೆಯುತ್ತದೆ. ಮೊಳಕಾಲ್ಮುರಿನವರು ಜಿಲ್ಲೆಯ ತುದಿಯಲ್ಲಿದ್ದಾರೆ. ಆಂಧ್ರದ ರಾಯದುರ್ಗ ಅವರಿಗೆ ಪಕ್ಕದ ಊರು, ಚಿತ್ರದುರ್ಗ ದೂರದ ಊರು, ಬಳ್ಳಾರಿ ಇನ್ನೊಂದು ಜಿಲ್ಲೆ. ನಿಂತ ಗಾಡಿಯನ್ನು ಎಳೆಸಿಕೊಂಡು ಹೋಗುವುದೇ ಅವರಿಗೆ ಒಂದು ದಿನದ ಕೆಲಸ.

ಆ ಮಸಿ ಫಿಲ್ಟರಿನ ವಿಷಯವನ್ನೇ ಇನ್ನಷ್ಟು ಹತ್ತಿರದಿಂದ ನೋಡೋಣ, ಯಾಕೆಂದರೆ ಜಗಳ ಹುಟ್ಟುವುದು ಅಲ್ಲೇ. ಫಿಲ್ಟರಿನಲ್ಲಿ ಕೂತ ಮಸಿ ಆಗಾಗ ಸುಟ್ಟು ಖಾಲಿಯಾಗಬೇಕು. ಅದಕ್ಕೆ ಅಲ್ಲಿನ ಶಾಖ ಸುಮಾರು 600 ಡಿಗ್ರಿ ಸೆಲ್ಸಿಯಸ್ ತನಕ ಏರಬೇಕು. ಗಾಡಿ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದರೆ ಅದು ತಾನಾಗಿ ಆಗುತ್ತದೆ. ಹಿರಿಯೂರು-ಬಳ್ಳಾರಿ ಹೆದ್ದಾರಿಯಲ್ಲಿ ದಿನವೂ ಓಡುವ ಗಾಡಿಗೆ ತೊಂದರೆಯಿಲ್ಲ. ಹೊಲದಿಂದ ಊರಿಗೆ, ಊರಿಂದ ಮಾರುಕಟ್ಟೆಗೆ, ಎಂಜಿನ್ ಆನ್ ಇಟ್ಟುಕೊಂಡೇ ಲೋಡು ಮಾಡುತ್ತ, ಎರಡನೇ ಗೇರಿನಲ್ಲಿ ಮಣ್ಣು ದಾರಿ ಹಿಡಿದು ಓಡಾಡುವ ಗಾಡಿಗೆ ಆ ಶಾಖ ಬರುವುದಿಲ್ಲ. ಮೊದಲು ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪ ಹತ್ತುತ್ತದೆ. ಆ ದೀಪದ ಅರ್ಥವನ್ನು ಡೆಲಿವರಿ ದಿನ ಹೂವಿನ ಹಾರ, ಫೋಟೊ, ನಿಂಬೆಹಣ್ಣಿನ ಗಡಿಬಿಡಿಯಲ್ಲಿ ಯಾರೂ ಬಿಡಿಸಿ ಹೇಳಿರುವುದಿಲ್ಲ. ಪುಸ್ತಕ ಇಂಗ್ಲಿಷಿನಲ್ಲಿದ್ದರೆ ಅದನ್ನು ಓದುವವರೂ ಕಡಿಮೆ. ದೀಪ ನೋಡಿಯೂ ಹಾಗೇ ಓಡಿಸಿದರೆ ಕೆಲವು ದಿನಕ್ಕೆ ಎಂಜಿನ್ ತಾನಾಗಿ ಶಕ್ತಿ ತಗ್ಗಿಸಿಕೊಂಡು ತೆವಳತೊಡಗುತ್ತದೆ. ಆಮೇಲೆ ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಹಾಕಿಯೇ ಮಸಿ ಸುಡಿಸಬೇಕು, ಅದೂ ಆಗದಿದ್ದರೆ ಫಿಲ್ಟರನ್ನೇ ಬದಲಿಸಬೇಕು. ಆಗ ಬರುವ ಉತ್ತರ: ಇದು ತಯಾರಿಕೆಯ ದೋಷವಲ್ಲ, ನೀವು ಓಡಿಸಿದ ರೀತಿ ಸರಿಯಿಲ್ಲ, ವಾರಂಟಿ ಬರುವುದಿಲ್ಲ. ಹಳ್ಳಿಯ ಗಾಡಿ ಎಂದು ಜಾಹೀರಾತು ಮಾಡಿ ಹಳ್ಳಿಗೇ ಮಾರಿದ ಗಾಡಿಯನ್ನು ಹಳ್ಳಿಯಲ್ಲಿ ಓಡಿಸಿದ್ದೇ ತಪ್ಪು ಎಂದರೆ ಅದನ್ನು ಒಪ್ಪಬಾರದು. ಎಚ್ಚರಿಕೆ ಹೇಳುವುದು ಮಾರುವವನ ಕರ್ತವ್ಯ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಸರಿಯಾದ ಬಳಕೆಯ ಸೂಚನೆಯನ್ನೂ ಎಚ್ಚರಿಕೆಯನ್ನೂ ಸಾಕಷ್ಟು ಕೊಡದಿದ್ದರೆ ತಯಾರಕರ ಹೊಣೆ ಬರುತ್ತದೆ ಎಂಬ ಮಾತಿದೆ.

ತಮ್ಮ: ಸರಿ, ಆದರೆ ಇನ್ನೊಂದು ಕಡೆಯ ಮಾತನ್ನೂ ಕೇಳಿ. ನಮ್ಮವರು ಓವರ್‌ಲೋಡ್ ಮಾಡುವುದಿಲ್ಲವೇ? ಒಂದೂವರೆ ಟನ್ನಿನ ಗಾಡಿಗೆ ಎರಡೂವರೆ ಟನ್ ಈರುಳ್ಳಿ ಹೇರುತ್ತಾರೆ. ಎಲ್ಲೋ ಸಿಗುವ ಕಲಬೆರಕೆ ಡೀಸೆಲ್ ಹಾಕಿಸುತ್ತಾರೆ. ಸರ್ವಿಸ್ ತಾರೀಖು ತಪ್ಪಿಸುತ್ತಾರೆ, ಹೊರಗಿನ ಮೆಕ್ಯಾನಿಕ್ ಕೈಯಲ್ಲಿ ವೈರಿಂಗ್ ಬಿಚ್ಚಿಸುತ್ತಾರೆ. ಆಮೇಲೆ ವಾರಂಟಿ ಕೊಡಿ ಎಂದರೆ ಕಂಪನಿ ಹೇಗೆ ಕೊಡಬೇಕು?

ಅಣ್ಣ: ಇದು ತೂಕದ ಆಕ್ಷೇಪ, ಹಾರಿಸಿಬಿಡುವಂಥದ್ದಲ್ಲ. ಓವರ್‌ಲೋಡ್ ತಪ್ಪೇ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ ಅದಕ್ಕೆ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಸ್ಪ್ರಿಂಗ್ ಪ್ಲೇಟು ಮುರಿದರೆ, ಆಕ್ಸೆಲ್ ಬಾಗಿದರೆ, ಟೈರು ಸಿಡಿದರೆ, ಕ್ಲಚ್ ಪ್ಲೇಟು ಸುಟ್ಟರೆ ಲೋಡಿನ ಮೇಲೆ ಅನುಮಾನ ಬರುವುದು ಸಹಜ. ಆದರೆ ಎಷ್ಟೋ ದೋಷಗಳಿಗೂ ಲೋಡಿಗೂ ಸಂಬಂಧವೇ ಇರುವುದಿಲ್ಲ. ಸೆನ್ಸರ್ ಸುಳ್ಳು ಹೇಳುವುದು, ವೈರಿಂಗ್ ಜೋಡಣೆಯಲ್ಲಿ ನೀರು ಇಳಿಯುವುದು, ಮೊದಲ ಸರ್ವಿಸ್‌ಗೂ ಮುಂಚೆ ಆಯಿಲ್ ಜಿನುಗುವುದು ಇವೆಲ್ಲ ಖಾಲಿ ಗಾಡಿಗೂ ಆಗುತ್ತವೆ. ಎಲ್ಲದಕ್ಕೂ ‘ಓವರ್‌ಲೋಡ್’ ಎಂಬ ಒಂದೇ ಉತ್ತರ ಬರೆದರೆ ಅದು ಪರೀಕ್ಷೆ ಮಾಡಿ ಕೊಟ್ಟ ಉತ್ತರವಲ್ಲ. ಅಪವಾದ ಹೊರಿಸಿದವರು ಆಧಾರ ತೋರಿಸಬೇಕು. ಡೀಸೆಲ್ ಕಲಬೆರಕೆ ಎಂದರೆ ಟ್ಯಾಂಕಿನಿಂದ ಸ್ಯಾಂಪಲ್ ತೆಗೆದು ಪರೀಕ್ಷೆಗೆ ಕಳಿಸಲಿ, ವರದಿ ಕೊಡಲಿ. ಕಂಪ್ಯೂಟರಿನಲ್ಲಿ ದೋಷದ ಕೋಡು ದಾಖಲಾಗಿರುತ್ತದೆ, ಅದರ ಪ್ರಿಂಟ್ ಕೊಡಲಿ. ಪಂಪಿನ ಬಿಲ್ಲು ಇಟ್ಟುಕೊಂಡವನಿಗೆ ಬರೀ ಬಾಯಿಮಾತಿನಲ್ಲಿ ‘ನಿಮ್ಮ ಡೀಸೆಲ್ ಸರಿಯಿಲ್ಲ’ ಎಂದು ಕಳಿಸುವುದು ಅನ್ಯಾಯ.

ಹೊರಗಿನ ಮೆಕ್ಯಾನಿಕ್ ವಿಷಯ ಬೇರೆ. ಎಂಬತ್ತು ಕಿಲೋಮೀಟರ್ ದೂರದ ವರ್ಕ್‌ಶಾಪು ಮೂರು ದಿನ ಬಿಟ್ಟು ಬನ್ನಿ ಎಂದಾಗ, ಟೊಮೆಟೊ ಹೇರಿಕೊಂಡು ರಾಂಪುರದ ಹತ್ತಿರ ನಿಂತವನು ಏನು ಮಾಡಬೇಕು? ಹತ್ತಿರದವರನ್ನು ಕರೆಸುತ್ತಾನೆ. ಅಮೆರಿಕದಲ್ಲಿ 1975ರಿಂದ ಒಂದು ಕಾನೂನು ಇದೆ: ತನ್ನದೇ ಬ್ರ್ಯಾಂಡಿನ ಭಾಗ ಹಾಕಿಸಿದರೆ ಮಾತ್ರ ವಾರಂಟಿ ಎಂದು ಕಂಪನಿ ಕಟ್ಟುಪಾಡು ಹಾಕುವಂತಿಲ್ಲ. ಹೊರಗಿನ ಕೆಲಸದಿಂದಲೇ ಈ ಹಾನಿ ಆಯಿತು ಎನ್ನುವುದಾದರೆ ಅದನ್ನು ಕಂಪನಿ ತೋರಿಸಬೇಕು. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ‘ರಿಪೇರಿಯ ಹಕ್ಕು’ ಪೋರ್ಟಲ್ ತೆರೆಯಿತು. ಅದರಲ್ಲಿ ವಾಹನ ಕ್ಷೇತ್ರವೂ ಸೇರಿದೆ. ಒಳ್ಳೆಯ ಹೆಜ್ಜೆಯೇ, ಆದರೆ ಅದು ಮಾಹಿತಿ ಕೊಡುತ್ತದೆಯೇ ಹೊರತು ಕಂಪನಿಯನ್ನು ಕಟ್ಟಿಹಾಕುವ ಕಾನೂನಲ್ಲ.

ತಮ್ಮ: ಕಾನೂನು ಎಂದಿರಲ್ಲ, ಅಲ್ಲೇ ನನ್ನ ಅನುಮಾನ. ಹಳದಿ ಬೋರ್ಡಿನ ಗಾಡಿ ವ್ಯಾಪಾರಕ್ಕೆ ಕೊಂಡದ್ದು. ವ್ಯಾಪಾರಕ್ಕೆ ಕೊಂಡವನು ಗ್ರಾಹಕನೇ ಅಲ್ಲ, ಗ್ರಾಹಕರ ಕೋರ್ಟಿಗೆ ಹೋಗುವಂತಿಲ್ಲ ಎನ್ನುತ್ತಾರೆ.

ಅಣ್ಣ: ಅರ್ಧ ಕೇಳಿ ಹೇಳುವ ಮಾತು ಅದು, ಅದನ್ನು ನಂಬಿ ಎಷ್ಟೋ ಜನ ಸುಮ್ಮನಾಗುತ್ತಾರೆ. ವಾಣಿಜ್ಯ ಉದ್ದೇಶಕ್ಕೆ ಕೊಂಡವನನ್ನು ಗ್ರಾಹಕ ರಕ್ಷಣಾ ಕಾಯ್ದೆ ಹೊರಗಿಡುತ್ತದೆ, ನಿಜ. ಆದರೆ ಅದೇ ಕಾಯ್ದೆಯ ವಿವರಣೆಯಲ್ಲಿ, ಸ್ವಂತ ಉದ್ಯೋಗದಿಂದ ಜೀವನೋಪಾಯ ಮಾಡಿಕೊಳ್ಳಲೆಂದೇ ಕೊಂಡು ತಾನೇ ಬಳಸುವವನು ಗ್ರಾಹಕನೇ ಎಂದೂ ಹೇಳಿದೆ. ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್ ಉದಾಹರಣೆಯನ್ನೇ ಕೊಟ್ಟಿತು: ತಾನೇ ಓಡಿಸಿ ಬದುಕಲು ಆಟೊರಿಕ್ಷಾ ಕೊಂಡವನು ಗ್ರಾಹಕ, ತಾನೇ ಬಾಡಿಗೆಗೆ ಓಡಿಸಲು ಲಾರಿ ಕೊಂಡವನೂ ಗ್ರಾಹಕ. ಪೂರ್ತಿಯಾಗಿ ಇನ್ನೊಬ್ಬರ ಕೈಗೆ ಕೊಟ್ಟು ಓಡಿಸಲು ಕೊಂಡರೆ ಆ ರಕ್ಷಣೆ ಇಲ್ಲ. ನಮ್ಮ ಒಂದೇ ಗಾಡಿಯ ಡ್ರೈವರ್-ಯಜಮಾನ ಇದರೊಳಗೆ ಬರುತ್ತಾನೆ.

ಹಾಗೆಂದು ಕೋರ್ಟಿಗೆ ಹೋದರೆ ಹೊಸ ಗಾಡಿ ಬರುತ್ತದೆ ಎಂದು ಆಸೆ ಹುಟ್ಟಿಸಲಾರೆ. 2006ರಲ್ಲಿ ಮಾರುತಿ ಉದ್ಯೋಗ್ ವಿರುದ್ಧ ಸುಶೀಲ್ ಕುಮಾರ್ ಗಬ್‌ಗೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಾರಂಟಿಯಲ್ಲಿ ಭಾಗ ಬದಲಿಸುವ ಮಾತಿದ್ದರೆ ಇಡೀ ಗಾಡಿ ಬದಲಿಸು ಎನ್ನಲಾಗದು ಎಂದಿತು. ಇದರಿಂದ ನನ್ನ ವಾದ ಇನ್ನಷ್ಟು ಗಟ್ಟಿಯಾಗುತ್ತದೆ. ಭಾಗಕ್ಕೆ ಮಾತ್ರ ಮಾತು ಕೊಟ್ಟ ಕಾಗದದ ಮುಂದೆ ನಿಂತ ದಿನಗಳಿಗೆ ಬೆಲೆ ಸಿಗುವುದು ಕಷ್ಟ. ಹಾಗಾಗಿ ಬದಲಾಗಬೇಕಾದದ್ದು ಆ ಕಾಗದ, ಅದನ್ನು ಬದಲಿಸಲು ಬೇಕಾದದ್ದು ಕಾನೂನು. ಬೇರೆ ಕಡೆ ಹೀಗೆ ಮಾಡಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ 1970ರಿಂದ ಇರುವ ವಾರಂಟಿ ಕಾಯ್ದೆಯ ಪ್ರಕಾರ ವಸ್ತು ರಿಪೇರಿಯಲ್ಲಿದ್ದ ದಿನಗಳನ್ನು ವಾರಂಟಿ ಅವಧಿಗೆ ಕೂಡಿಸಬೇಕು. 1982ರಲ್ಲಿ ಅಲ್ಲಿ ಇನ್ನೊಂದು ನಿಯಮ ಸೇರಿತು. ಅದರ ಈಗಿನ ರೂಪದ ಪ್ರಕಾರ, ಹೊಸ ಗಾಡಿ ಮೊದಲ ಹದಿನೆಂಟು ತಿಂಗಳು ಅಥವಾ 18,000 ಮೈಲಿಯೊಳಗೆ ಒಟ್ಟು ಮೂವತ್ತು ದಿನಕ್ಕಿಂತ ಹೆಚ್ಚು ರಿಪೇರಿಯಲ್ಲಿ ನಿಂತರೆ, ಕಂಪನಿಗೆ ಸಾಕಷ್ಟು ಅವಕಾಶ ಸಿಕ್ಕಿತು ಎಂದೇ ಕಾನೂನು ಭಾವಿಸುತ್ತದೆ, ಗಾಡಿ ಬದಲಿಸುವ ಇಲ್ಲವೇ ಹಣ ಹಿಂತಿರುಗಿಸುವ ದಾರಿ ತೆರೆಯುತ್ತದೆ. ಕಾರು ಕೊಂಡ ಸಂಸಾರಸ್ಥರಿಗೆ ಮಾತ್ರ ಇದು ಎನ್ನಬೇಡ. ಐದು ಗಾಡಿ ಮೀರದ ಸಣ್ಣ ವ್ಯಾಪಾರಿಗಳೂ, 10,000 ಪೌಂಡ್, ಅಂದರೆ ಸುಮಾರು ನಾಲ್ಕೂವರೆ ಟನ್ನಿಗಿಂತ ಹಗುರ ಗಾಡಿಗೆ, ಇದರಲ್ಲಿ ಬರುತ್ತಾರೆ. ನಮ್ಮ ಪಿಕಪ್ಪಿನವನಂಥವನನ್ನೇ ಕಣ್ಮುಂದೆ ಇಟ್ಟುಕೊಂಡಂತಿದೆ. ಭಾರತದಲ್ಲಿ ಇಂಥ ಕಾನೂನು ಇಲ್ಲ.

ತಮ್ಮ: ಬಂದರೆ ಗಾಡಿ ಬೆಲೆ ಏರುತ್ತದೆ ಅಣ್ಣಾ. ನಿಂತ ದಿನಕ್ಕೂ ದುಡ್ಡು ಕೊಡಬೇಕಾದರೆ ಕಂಪನಿ ಅದನ್ನು ಕೊಳ್ಳುವವನ ಮೇಲೇ ಹಾಕುತ್ತದೆ. ಬಡವನಿಗೆ ಇನ್ನೂ ದೂರವಾಗುತ್ತದೆ ಗಾಡಿ.

ಅಣ್ಣ: ಸ್ವಲ್ಪ ಏರಬಹುದು, ಇಲ್ಲ ಎನ್ನಲಾರೆ. ಆದರೆ ಆ ಖರ್ಚು ಹೊಸದಾಗಿ ಹುಟ್ಟುವುದಲ್ಲ, ಈಗಲೂ ಇದೆ. ಗಾಡಿ ಕೆಟ್ಟ ಒಬ್ಬೊಬ್ಬನೇ ಅದನ್ನು ಪೂರ್ತಿ ಹೊರುತ್ತಿದ್ದಾನೆ, ಬಡ್ಡಿಗೆ ಕೈಸಾಲ ತಂದು. ಸಾವಿರ ಗಾಡಿಗಳಿಗೆ ಹಂಚಿದರೆ ತಲೆಗೆ ಸಣ್ಣ ಮೊತ್ತವಾಗುವ ನಷ್ಟ ಒಬ್ಬನ ಮೇಲೆ ಬಿದ್ದಾಗ ಗಾಡಿಯೇ ಫೈನಾನ್ಸಿನವರ ಪಾಲಾಗುತ್ತದೆ. ಇನ್ನೊಂದು ಲಾಭವೂ ಇದೆ. ನಿಂತ ದಿನಕ್ಕೆ ಬೆಲೆ ಕಟ್ಟಬೇಕಾದ ಕಂಪನಿ ಚಳ್ಳಕೆರೆಯಲ್ಲೇ ಭಾಗಗಳ ಸ್ಟಾಕು ಇಡುವುದನ್ನು, ಸ್ಕ್ಯಾನರ್ ಹಿಡಿದ ಕೆಲಸಗಾರನನ್ನು ಮೊಳಕಾಲ್ಮುರಿಗೆ ಬೈಕಿನಲ್ಲಿ ಕಳಿಸುವುದನ್ನು ತಾನಾಗಿ ಯೋಚಿಸುತ್ತದೆ. ಇವತ್ತು ಅದಕ್ಕೆ ಆ ಒತ್ತಡ ಇಲ್ಲ, ಗಾಡಿ ಎರಡು ದಿನ ನಿಂತರೂ ಇಪ್ಪತ್ತು ದಿನ ನಿಂತರೂ ಅದರ ಖರ್ಚು ಹೆಚ್ಚುಕಡಿಮೆ ಒಂದೇ.

ತಮ್ಮ: ಕಾನೂನು ಬರುವ ತನಕ?

ಅಣ್ಣ: ಬರುವ ತನಕ ಜಾಬ್‌ಕಾರ್ಡು. ಗಾಡಿ ಒಳಗೆ ಬಿಡುವಾಗ ತುಂಬಿಸುವ ಆ ಹಾಳೆಯಲ್ಲಿ ಗ್ರಾಹಕರ ದೂರು ಬರೆಯುವ ಜಾಗ ಇರುತ್ತದೆ. ನಮ್ಮವನು ‘ಏರಿನಲ್ಲಿ ಪಿಕಪ್ ಇಲ್ಲ, ದೀಪ ಹತ್ತಿದೆ, ಮೂರನೇ ಸಲ ಬಂದಿದ್ದೇನೆ’ ಎನ್ನುತ್ತಾನೆ. ಹಾಳೆಯಲ್ಲಿ ‘ಜನರಲ್ ಚೆಕಪ್’ ಎಂದು ಬೀಳುತ್ತದೆ, ಅವನು ಸಹಿ ಹಾಕುತ್ತಾನೆ. ಮುಂದೆ ಯಾರೇ ಆ ಹಾಳೆ ನೋಡಿದರೂ ಗಾಡಿಗೆ ದೋಷವೇ ಇರಲಿಲ್ಲ ಎಂದಾಗುತ್ತದೆ. ಅದೇ ದೋಷ ಮೂರು ಸಲ ಅದೇ ಮಾತಿನಲ್ಲಿ ಬರೆದಿದ್ದರೆ, ಮೀಟರ್ ರೀಡಿಂಗು, ಒಳಗೆ ಬಿಟ್ಟ ತಾರೀಖು, ಹೊರಗೆ ಬಂದ ತಾರೀಖು ಇದ್ದರೆ, ನಿಂತ ದಿನಗಳ ಲೆಕ್ಕವನ್ನು ಅವರ ಕಾಗದವೇ ಹೇಳುತ್ತದೆ. ಡೀಲರ್‌ಗೆ ಹೇಳಿದ್ದನ್ನೇ ಕಂಪನಿಗೂ ಇಮೇಲಿನಲ್ಲಿ ತಿಳಿಸಬೇಕು. 2021ರಲ್ಲಿ ಟಾಟಾ ಮೋಟಾರ್ಸ್‌ಗೂ ಆಂಟೋನಿಯೊ ಪಾಲೊ ವಾಜ್ ಎಂಬುವರಿಗೂ ನಡೆದ ಪ್ರಕರಣದಲ್ಲಿ, ಡೀಲರ್ ಮಾಡಿದ ತಪ್ಪು ಕಂಪನಿಗೆ ಗೊತ್ತಿತ್ತು ಎಂದು ತೋರಿಸದೆ ಕಂಪನಿಯನ್ನು ಹೊಣೆ ಮಾಡಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಕಂಪನಿಗೆ ಗೊತ್ತುಮಾಡುವ ಕೆಲಸವನ್ನು ಕೊಂಡವನೇ ಮಾಡಬೇಕಾಯಿತು.

ಬರೆದ ದೂರಿಗೆ ಇನ್ನೊಂದು ಉಪಯೋಗವಿದೆ. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರೀಕಾಲ್ ನಿಯಮದ ಪ್ರಕಾರ, ಏಳು ವರ್ಷ ದಾಟದ ಗಾಡಿಗಳಲ್ಲಿ ಸುರಕ್ಷತೆಗೆ ಸಂಬಂಧಪಟ್ಟ ಒಂದೇ ದೋಷದ ಬಗ್ಗೆ ನಿಗದಿಯಾದ ಸಂಖ್ಯೆಯಷ್ಟು ದೂರು ಬಂದರೆ ಸರ್ಕಾರ ಆ ಗಾಡಿಗಳನ್ನು ವಾಪಸ್ ಕರೆಸಿ ಸರಿಪಡಿಸಿ ಎಂದು ಆದೇಶಿಸಬಹುದು, ದಂಡವನ್ನೂ ಹಾಕಬಹುದು. ಆ ಲೆಕ್ಕಕ್ಕೆ ಬರುವುದು ರೀಕಾಲ್‌ಗೆಂದೇ ಇರುವ ಸರ್ಕಾರಿ ಪೋರ್ಟಲ್ಲಿನಲ್ಲಿ ದಾಖಲಾದ ದೂರು ಮಾತ್ರ. ಹೋಟೆಲ್ ಮುಂದೆ ಹತ್ತು ಜನ ಚಹಾ ಕುಡಿಯುತ್ತ ಬ್ರೇಕ್ ಎಳೆಯುತ್ತದೆ ಎಂದು ಬೈದುಕೊಂಡದ್ದು ಅಲ್ಲಿ ಸೊನ್ನೆ.

ತಮ್ಮ: ಇಷ್ಟೆಲ್ಲ ಇಟ್ಟುಕೊಂಡರೂ ಮುಂಬೈ, ಚೆನ್ನೈ ಕಂಪನಿಯ ಮೇಲೆ ಕೇಸು ಹಾಕಲು ಅಲ್ಲಿಗೆ ಹೋಗುವವರು ಯಾರು? ವರ್ಷಗಟ್ಟಲೆ ಅಲೆಯುವವರು ಯಾರು?

ಅಣ್ಣ: ತಡವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಪ್ರಯೋಗಾಲಯದ ಪರೀಕ್ಷೆ ಬೇಡದ ದೂರನ್ನು ಸಾಧ್ಯವಾದಷ್ಟು ಮೂರು ತಿಂಗಳಲ್ಲಿ, ಬೇಕಾದದ್ದನ್ನು ಐದು ತಿಂಗಳಲ್ಲಿ ತೀರ್ಮಾನಿಸಬೇಕು ಎಂದು ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿದ್ದರೂ ಎಷ್ಟೋ ಪ್ರಕರಣಗಳು ಅದಕ್ಕಿಂತ ಬಹಳ ಎಳೆಯುತ್ತವೆ. ಆದ್ದರಿಂದ ಮೊದಲು 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಲಿ, ಅಲ್ಲೇ ಬಗೆಹರಿದರೆ ಒಳ್ಳೆಯದು. ಬಗೆಹರಿಯದಿದ್ದರೆ ಮುಂಬೈಗಾಗಲಿ ಚೆನ್ನೈಗಾಗಲಿ ಹೋಗಬೇಕಿಲ್ಲ. 2019ರ ಕಾಯ್ದೆಯ ಪ್ರಕಾರ ದೂರುದಾರ ವಾಸವಿರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು, ವಕೀಲರನ್ನು ಇಟ್ಟುಕೊಳ್ಳಲೇಬೇಕು ಎಂಬ ನಿಯಮವಿಲ್ಲ. ಚಳ್ಳಕೆರೆಯವರಿಗೂ ಮೊಳಕಾಲ್ಮುರಿನವರಿಗೂ ಅದು ಚಿತ್ರದುರ್ಗದ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ತೊಂದರೆ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ಐದರಿಂದ ಹತ್ತು ಲಕ್ಷ ರೂಪಾಯಿ ಕೊಟ್ಟು ಕೊಂಡ ಗಾಡಿಗೆ ಆಯೋಗದ ಶುಲ್ಕ 200 ರೂಪಾಯಿ, ಹತ್ತು ಲಕ್ಷ ದಾಟಿ ಇಪ್ಪತ್ತರ ತನಕ 400.